ನೈಟ್ ಹಾಲ್ಟಿನ ಸೂಪು

ಸಂತೆ ಮುಗಿಸಿಕೊಂಡು ಹೊರಟ ಕಡೇ ಬಸ್ಸು.
ಇಪ್ಪತ್ತಾರು ಸೊನ್ನೆ ಟಿಕೆಟ್ಟು, ಐದು ಕಾಸಿನದು.
ಮಂಡ್ಯದಲ್ಲಿ ಮಾರದೆ ಉಳಿದದ್ದು
ಸೀಟಿನಡಿ ಉರುಳಾಡುತ್ತಿತ್ತು
ನಾಲೆ ಏರಿಯ ತಿರುವು ತಿರುವಿಗೂ.

ಇಳಿಯುವಾಗ ಬೋರಮ್ಮ ನನ್ನ ಚೀಲದ ಮೇಲೆ
ಎರಡು ನವಿಲುಕೋಸು ಇಟ್ಟಳು.
"ಟಿಕೀಟು ಬಿಟ್ಟಿ ಅಂತ ಋಣಾನೂ ಬಿಟ್ಟಿಯೇನಪ್ಪ?"
ಬೇಡ ಎನ್ನುವಷ್ಟರಲ್ಲಿ ಹಿಂದಿನವಳು
ಬಾಡಿದ ಕೊತ್ತಂಬರಿ ತುರುಕಿದ್ದಳು,
ಅವಳ ಹಿಂದಿನವಳು ಸೊಟ್ಟ ಮೂಲಂಗಿ.
ಹೀರೇಕಾಯಿ ಯಾರದೋ, ಈಗಲೂ ತಿಳಿಯದು.
ಟೊಮೇಟೊ ಎಂಟು, ಒಂದೊಂದಕ್ಕೂ ಒಂದೊಂದು ಬಿರುಕು,
ಬೆಳಗಿಂದ ಕೂಗಿ ಕೂಗಿ
ಗಂಟಲು ಹರಿದುಕೊಂಡವಳ ಬುಟ್ಟಿಯದು.

ಬಾಚನಕೊಪ್ಪಲಿನಲ್ಲಿ ರಾತ್ರಿ ತಂಗುವುದು.
ಡೇರಿ ಜಗುಲಿಯೇ ನಮ್ಮ ಮನೆ.
ದಿನವೂ ಎದುರು ಮನೆಯಿಂದ ಮುದ್ದೆ ಬರುತ್ತದೆ;
ಇವತ್ತು ಡ್ರೈವರ್ ಹೊಂಬಾಳಯ್ಯ
ದವಡೆ ಹಲ್ಲು ಎರಡು ಕೀಳಿಸಿಕೊಂಡು ಬಂದು
ಕೆನ್ನೆಯೊಳಗೆ ನಿಂಬೆಹಣ್ಣು ಬಚ್ಚಿಟ್ಟವನ ಹಾಗೆ ಕೂತಿದ್ದಾನೆ.
ಮುದ್ದೆಗೆ ಹಲ್ಲು ಬೇಡ, ನಿಜ.
ಬಾಯಾದರೂ ತೆರೆಯಬೇಕಲ್ಲ.

ಚಾಕು ಇಲ್ಲ.
ಬಸ್ಸಿನ ಪ್ರಥಮ ಚಿಕಿತ್ಸೆ ಡಬ್ಬಿ ತೆಗೆದೆ:
ಹತ್ತಿಯಿಲ್ಲ, ಮುಲಾಮಿಲ್ಲ,
ಯಾವ ಕಾಲದ್ದೋ ಒಂದು ಕತ್ತರಿ.
ಬಿಸಿನೀರು ಹುಯ್ದು ತೊಳೆದು
ಹೀರೇಕಾಯಿಯನ್ನು ರಿಬ್ಬನ್ನಿನಂತೆ ಕತ್ತರಿಸಿದೆ.
ನವಿಲುಕೋಸು ಬಗ್ಗಲಿಲ್ಲ.
ಡೇರಿಯವರ ಎರಡು ಕೆ.ಜಿ. ಬಟ್ಟಿನಲ್ಲಿ ಜಜ್ಜಿದೆ,
ಜಜ್ಜುವಾಗ ಡಿಪೋ ಮ್ಯಾನೇಜರನ್ನು ನೆನೆದೆ.

ಮೂರು ಕಲ್ಲು, ಕಬ್ಬಿನ ತರಗು, ತೆಂಗಿನ ಮಟ್ಟೆ.
ಉಪ್ಪು. ನಾಲ್ಕು ಕಾಳು ಮೆಣಸು. ಸಿಪ್ಪೆ ಸಮೇತ ಬೆಳ್ಳುಳ್ಳಿ.
ಕುದಿಯುತ್ತ ಕುದಿಯುತ್ತ
ಇಡೀ ಸಂತೆಯ ಗದ್ದಲ ಒಂದು ಬಣ್ಣಕ್ಕೆ ಬಂತು.
ಆ ಬಣ್ಣಕ್ಕೆ ಹೆಸರಿಲ್ಲ,
ಹೊಳೆಗೆ ಹೊಸ ನೀರು ಬಂದಾಗ ಕಂಡಿದ್ದೆ.

"ಇದೇನು, ಬಸ್ಸಾರೋ ಉಪ್ಸಾರೋ?"
ತುಟಿಯ ಸಂದಿಯಿಂದ ಕೇಳಿದ.
ಸೂಪು, ಅಂದೆ.
"ಅಂಗಂದ್ರೆ?"
"ಬಸಿಯೋಕೆ ಸೋಮಾರಿಯಾದೋರು ಕುಡಿಯೋದು."
ನಗಲು ಹೋಗಿ ಕೆನ್ನೆ ಹಿಡಿದುಕೊಂಡ.

ಮೂರು ಲೋಟ ಕುಡಿದ. ನಾನು ಒಂದೂವರೆ.
ಮೂಲಂಗಿ ಎಲ್ಲರನ್ನೂ ಗೆದ್ದಿತ್ತು,
ತಳದಲ್ಲೆಲ್ಲೋ ಹೀರೇಕಾಯಿ ಸಿಹಿಯಾಗಿ ಸುಮ್ಮನಿತ್ತು.
ದೀಪ ಆರಿಸಿ, ಸೀಟಿನ ಮೇಲೆ ಕಾಲು ಮಡಚಿ ಮಲಗಿ
ಬಹಳ ಹೊತ್ತಾದ ಮೇಲೆ ಕತ್ತಲಲ್ಲಿ ಅವನು:
"ಹೀರೇಕಾಯಿ ಕೊಟ್ಟೋರು ಯಾರ್ಲಾ?"

ಬೆಳಗ್ಗೆ ಐದೂ ನಲವತ್ತರ ಟ್ರಿಪ್ಪು.
ಸ್ಟಾಪು ಇನ್ನೂ ಒಂದು ಫರ್ಲಾಂಗು ಇರುವಾಗಲೇ
ಬೋರಮ್ಮನ ಹೊಲದ ಬೇಲಿಯ ಮುಂದೆ
ಬ್ರೇಕು ಒತ್ತಿದ ಹೊಂಬಾಳಯ್ಯ.
ತಲೆಯ ಮೇಲೆ ಬುಟ್ಟಿ, ಅವಳಿಗೆ ಗಾಬರಿ:
"ಏನಾಯ್ತಪ್ಪ, ಕೆಟ್ಟೋಯ್ತಾ ಬಸ್ಸು?"
ಅವನು ಬಾಯಿ ತೆರೆಯಲಿಲ್ಲ.
ಹಾರನ್ನು ಒತ್ತಿದ,
ಒಂದೇ ಸಲ, ಮೆಲ್ಲಗೆ.

ಬುಟ್ಟಿ ಇಳಿಸಿಕೊಂಡು ಸೊನ್ನೆ ಟಿಕೆಟ್ಟು ಹರಿದು ಕೊಟ್ಟೆ.
ಬೆರಳಿಗೆ ಇನ್ನೂ ಮೂಲಂಗಿ ವಾಸನೆ.