ಕೊನೆಯ ಫಾರಂ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನನ್ನ ಬೈಂಡಿಂಗ್ ಅಂಗಡಿ.
ಅಂಟು, ರಟ್ಟು, ಡಬ್ಬಣ, ಮೇಣ ತಿಕ್ಕಿದ ದಾರ.
ಕಲಿತದ್ದು ಎಂಟನೇ ಕ್ಲಾಸು, ಆದರೆ
ಬಿಚ್ಚಿ ಹೊಲಿದದ್ದನ್ನೆಲ್ಲ ಓದಿದವನು:
ಲೈಬ್ರರಿಯ ಕಾದಂಬರಿ, ಸೊಸೈಟಿಯ ಲೆಕ್ಕದ ಪುಸ್ತಕ,
ಒಮ್ಮೆ ಯಾರದೋ ವಿಚ್ಛೇದನದ ಕಡತ ಕೂಡ.

ತೀರ್ಥಪ್ಪ ಟಾಕೀಸಿನಲ್ಲಿ ರೀಲು ಬಿಡುತ್ತಿದ್ದವನು.
ಟಾಕೀಸು ಗೋಡೌನಾದ ಮೇಲೂ
ಸಂಜೆ ಆರೂವರೆಗೆ, ಫಸ್ಟ್ ಶೋ ಹೊತ್ತಿಗೆ ಸರಿಯಾಗಿ
ಮಂಡಕ್ಕಿ ಪೊಟ್ಟಣ ಹಿಡಿದು ಬಂದು
ನನ್ನ ಸ್ಟೂಲಿನ ಮೇಲೆ ಕೂರುತ್ತಿದ್ದ.

ಮೂವತ್ತೊಂದು ವರ್ಷ ಒಂದೇ ವ್ಯಾಜ್ಯ ನಮ್ಮದು.
ಆ ಕಾದಂಬರಿಯಲ್ಲಿ ದೋಣಿಯವನ ಮಗಳು
ಹೊಳೆ ದಾಟಿ ಹೋದವಳು ಬರುವುದಿಲ್ಲ.
ಮುನ್ನೂರ ನಾಲ್ಕನೇ ಪುಟದಲ್ಲಿ
ಹುಟ್ಟು ಗೋಡೆಗೆ ಒರಗಿದೆ, ಅಷ್ಟೇ.
ಸಿನಿಮಾದಲ್ಲಿ ಬರುತ್ತಾಳೆ.
ಬರುವುದೇನು, ಓಡಿ ಬರುತ್ತಾಳೆ, ಹಿಂದೆ ಪಿಟೀಲು.

"ಕೊಂದರು" ಅನ್ನುತ್ತಿದ್ದೆ ನಾನು.
"ಅವಳ ಅಕ್ಕ, ಕುರುಡು ಅಜ್ಜಿ, ಇಡೀ ಎರಡು ಮಳೆಗಾಲ
ಕತ್ತರಿ ಪಾಲು. ಹಿಂಡಿದ ಮೇಲೆ ಉಳಿದದ್ದು ಸಿಪ್ಪೆ."
"ಪುಸ್ತಕ ನೀನೊಬ್ಬನೇ ಓದ್ತೀಯ ಮಾರಾಯ,
ಅವಳು ಬಂದಾಗ ಎಂಟುನೂರು ಜನ
ಒಟ್ಟಿಗೆ ಉಸಿರು ಬಿಟ್ಟದ್ದನ್ನ
ಕಿಂಡಿಯಲ್ಲಿ ನಿಂತು ಕೇಳಿದವನು ನಾನು.
ದಿನಕ್ಕೆ ನಾಲ್ಕು ಸಲ."

ಆಮೇಲೆ ಈ ಚುನಾವಣೆ ಬಂತು.
ಯಾವ ಪಕ್ಷ, ಯಾರ ಕಡೆ, ಬೇಡ.
ಹೇಳಿದರೆ ನೀವೂ ಇದನ್ನು ಇಲ್ಲಿಗೇ ಮಡಚಿಡುತ್ತೀರಿ.

ಒಂದು ಸಂಜೆ ಅವನ ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋ.
"ಹಿಂದುಮುಂದು ಕತ್ತರಿಸಿದ್ದಾರೆ ಕಣೋ,
ನಿನಗಲ್ಲದೆ ಯಾರಿಗೆ ಗೊತ್ತಾಗಬೇಕು?"
"ನೀನು ಓದೋ ಪೇಪರಿಗೆ ಕತ್ತರಿ ಇಲ್ವಾ?"
ನಾನೊಂದು ಮಾತು ಅಂದೆ, ಅವನ ಮಗನ ಬಗ್ಗೆ.
ಅದನ್ನು ಇಲ್ಲಿ ಬರೆಯಲಾರೆ. ಇದೂ ಕತ್ತರಿಯೇ.
ಎದ್ದು ಹೋದ.
ಉಳಿದ ಮಂಡಕ್ಕಿಯನ್ನು
ಇರುವೆ ಮುತ್ತುವವರೆಗೂ ನಾನು ತೆಗೆಯಲಿಲ್ಲ.

ಮತದಾನದ ದಿನ ಶಾಲೆಯ ಜಗಲಿಯಲ್ಲಿ
ಒಂಬತ್ತು ಜನರಾಚೆ ಅವನ ಬೆನ್ನು.
ಟಿಕೆಟ್ಟಿನ ಕ್ಯೂನಲ್ಲಿ ಈ ಊರು
ಇಷ್ಟು ಮೌನವಾಗಿ ನಿಂತದ್ದೇ ಇಲ್ಲ.
ಅವನ ಬೆರಳಿಗೂ ನನ್ನ ಬೆರಳಿಗೂ
ಒಬ್ಬಳೇ ಹುಡುಗಿ, ಒಂದೇ ಶಾಯಿ.
ಕಾದಂಬರಿಕಾರನಾದರೆ ಇದನ್ನೇ ಎರಡು ಪುಟ ಎಳೆಯುತ್ತಿದ್ದ.
ನನ್ನ ಉಗುರಿಗೆ ಅಂಟು ಮೆತ್ತಿತ್ತು, ಶಾಯಿ ಹತ್ತಲಿಲ್ಲ.
ಗೊಣಗುತ್ತ ಇನ್ನೊಮ್ಮೆ ಎಳೆದಳು.

ಎಣಿಕೆಯ ರಾತ್ರಿ ಗೋಪಿ ಸರ್ಕಲ್ಲಿನಲ್ಲಿ ಪಟಾಕಿ.
ಶಟರ್ ಅರ್ಧ ಎಳೆದು ಒಳಗೆ ಕೂತೆ.
ಪ್ರೆಸ್ಸಿನಡಿ ಅವನ ಪುಸ್ತಕ.
ಅದೇ ಕಾದಂಬರಿ. ಜಗಳಕ್ಕೆ ಮುಂಚೆ
ಗಾಂಧಿ ಬಜಾರಿನ ರದ್ದಿಯಲ್ಲಿ ತೂಕಕ್ಕೆ ತಂದು
"ಕಟ್ಟಿಕೊಡು, ಒಂದ್ಸಲ ಓದೇ ಬಿಡ್ತೀನಿ,
ನಿನ್ನ ಕಾಟ ತಪ್ಪಲಿ" ಅಂದಿದ್ದ.

ಬಿಚ್ಚಿದರೆ ಕೊನೆಯ ಫಾರಂ ಇಲ್ಲ.
ಹದಿನಾರು ಪುಟ ಎಲ್ಲೋ ಕಳಚಿ ಬಿದ್ದು
ದೋಣಿ ನಡುಹೊಳೆಯಲ್ಲಿ ನಿಂತಿದೆ.
ಹೀಗೇ ಹೊಲಿದು ಕೊಟ್ಟರೆ
ಅವನ ಪಾಲಿಗೆ ಅವಳು ಬಂದೇ ಬರುತ್ತಾಳೆ.

ನಿಜ ಹೇಳುತ್ತೇನೆ,
ಆ ರಾತ್ರಿ ಮೊದಲ ಸಲ ನನಗೆ
ಆ ಪಿಟೀಲು ಬೇಕು ಅನ್ನಿಸಿತು.
ಯಾರಾದರೂ ಓಡಿ ಬರಲಿ,
ಯಾಕೆ ಬಂದೆ ಅಂತ ಯಾರೂ ಕೇಳದಿರಲಿ,
ಮೇಲೆ ಕಿಂಡಿಯಿಂದ ಬೆಳಕು ಬೀಳುತ್ತಿರಲಿ.

ಆದರೂ ಬೆಳಿಗ್ಗೆ ಹೋಗಿ ಲೈಬ್ರರಿ ಪ್ರತಿಯಿಂದ
ಹದಿನಾರು ಪುಟ ಜೆರಾಕ್ಸ್ ಮಾಡಿಸಿದೆ.
ಹುಟ್ಟು ಗೋಡೆಗೆ ಒರಗಿಯೇ ಇರಲಿ. ನಾನು ಹಟಮಾರಿ.

ಕೆಂಪು ಕ್ಯಾಲಿಕೋ, ಬೆನ್ನಿಗೆ ಅವನ ಹೆಸರು.
ಪಕ್ಕದ ಟೈಲರ್ ಹುಡುಗನ ಕೈಲಿ ಕಳಿಸಿದ್ದೇನೆ, ಚೀಟಿ ಸಮೇತ:
ಹೊಲಿಗೆ, ರಟ್ಟು, ಜೆರಾಕ್ಸ್, ಒಟ್ಟು ಇನ್ನೂರ ಹತ್ತು.
ನ್ಯಾಯವಾಗಿ ಆಗಬೇಕಾದ್ದು ನೂರ ಮೂವತ್ತು.
ಎಂಬತ್ತು ರೂಪಾಯಿ ಸುಮ್ಮನೆ ಬಿಡುವವನಲ್ಲ ತೀರ್ಥಪ್ಪ.
ಜಗಳಕ್ಕಾದರೂ ಬರುತ್ತಾನೆ.

ಈಗ ಆರು ಇಪ್ಪತ್ತು.
ಸ್ಟೂಲಿನ ಮೇಲೆ ಪೇರಿಸಿದ್ದ ರಟ್ಟು ತೆಗೆದು ಕೆಳಗಿಟ್ಟಿದ್ದೇನೆ.