ಹ್ಯಾಂಡಲ್ ಹಾಯುವಷ್ಟು

ಸಂಡೂರಿನ ಹಿಂದಿನ ಗುಡ್ಡದಲ್ಲಿ
ರಾತ್ರಿ ಗಾಳಿಗೆ ದಿಂಡಿಗವೊಂದು ಮಲಗಿತ್ತು
ನಮ್ಮ ಸೈಕಲ್ ದಾರಿಗೆ ಅಡ್ಡ.
ಬೇರಿಗಂಟಿದ ಕೆಂಪು ಮಣ್ಣು ಇನ್ನೂ ಹಸಿ.

ಮೂರು ಭಾನುವಾರ ಎತ್ತಿ ದಾಟಿಸಿದೆವು:
ಮೊದಲು ಮುಂದಿನ ಗಾಲಿ, ಆಮೇಲೆ ಹಿಂದಿನದು,
ಆಮೇಲೆ ನಾವು, ಲಂಟಾನದ ಮುಳ್ಳು ಬಿಡಿಸಿಕೊಳ್ಳುತ್ತ.
ನಾಲ್ಕನೆಯ ಸಲ ಗಾದಿಲಿಂಗನ ಚೈನು
ಕೊಂಬೆಯ ಮೋಟಿಗೆ ಸಿಕ್ಕು ಹರಿಯಿತು.
ಪೇಟೆಯವರೆಗೆ ಸೈಕಲ್ ತಳ್ಳಿಕೊಂಡು ಬಂದವನು
ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ.
ಮನೆ ತಿರುವಿನಲ್ಲಿ ನಿಂತು ಅಂದ:
"ಯಕ್ಕಾ, ಗರಗಸ."

ಗಾರ್ಡು ಗೋಣಿಬಸಪ್ಪ ಮೊದಲು ತಲೆ ಅಲ್ಲಾಡಿಸಿದ,
ಆಮೇಲೆ ಕರಾರು ಹೇಳಿದ.
ಮೋಟಾರಿನ ಗರಗಸ ಕಾಡೊಳಗೆ ತರಂಗಿಲ್ಲ.
ಕೊಯ್ದದ್ದು ಕೊಯ್ದಲ್ಲೇ ಇರಬೇಕು,
ಒಲೆಗೆ ಒಂದು ಚಕ್ಕೆಯೂ ಹೋಗಂಗಿಲ್ಲ.
ಎಷ್ಟಗಲ, ಅಂದೆ.
ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದ.
"ಹ್ಯಾಂಡಲ್ ಹಾಯೋವಷ್ಟು."

ಮಾಬುಸಾಬ ಹಳೇ ಲುಂಗಿಯ ತುಂಡಿನಲ್ಲಿ
ಗರಗಸ ಸುತ್ತಿ ಕೊಟ್ಟ.
ಗಣಿಯ ಕ್ವಾರ್ಟರ್ಸಿಗೆಲ್ಲ ಬಾಗಿಲು ಕೊಯ್ದದ್ದು;
ಹಿಡಿಕೆಯಲ್ಲಿ ಅವನ ಹೆಬ್ಬೆಟ್ಟಿನ ಗುಳಿ,
ನನ್ನ ಹೆಬ್ಬೆಟ್ಟಿಗೆ ದೊಡ್ಡದು.
"ತಳ್ಳುವಾಗ ಸುಮ್ಮನಿರು. ಕೊಯ್ಯೋದು ಎಳೆಯುವಾಗ.
ಸಿಟ್ಟು ಬಂದರೆ ಕೆಳಗಿಟ್ಟು ನೀರು ಕುಡಿ."

ದಿಂಡಿಗ, ಬಂಡಿಗೆ ಅಚ್ಚಾಗಬೇಕಿದ್ದ ಮರ.
ಅರ್ಧ ಗಂಟೆಗೆ ತೊಗಟೆಯಷ್ಟೇ ದಾಟಿದೆವು.
ತೊಗಟೆಯ ಮೇಲೆ ಅದಿರಿನ ಧೂಳು,
ಕೆಳಗೆ ಹಳದಿ, ಹಳದಿಯ ಕೆಳಗೆ
ಊದಾ ಬಣ್ಣದ ಚೇಗು.
ಸರ್ರ್ ಅಂದದ್ದು ಮರ,
ಉಸ್ ಅಂದದ್ದು ನಾನು.

ಅರ್ಧಕ್ಕೆ ಬಂದಿತ್ತು, ಮರ ಬಾಯಿ ಮುಚ್ಚಿತು.
ಎರಡು ಕಡೆ ಬಂಡೆಯ ಆಸರೆ, ನಡುವೆ ಪೊಳ್ಳು,
ತನ್ನ ತೂಕಕ್ಕೆ ತಾನೇ ಬಾಗಿದ ದಿಮ್ಮಿ
ಗರಗಸವನ್ನು ಕಚ್ಚಿ ಹಿಡಿಯಿತು.
ಎಳೆದೆ. ಅವನೆಳೆದ. ಇಬ್ಬರೂ ಎಳೆದೆವು.
ಸಿಟ್ಟು ಬಂತು. ನೀರು ಕುಡಿದೆವು.

ಬೆಣೆ ತರಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.
ಗಾದಿಲಿಂಗ ಪಂಕ್ಚರ್ ಚೀಲ ಕೊಡವಿದ:
ತೇಪೆ, ಅಂಟು, ಅರ್ಧ ತಿಂದ ಶೇಂಗಾ ಉಂಡಿ,
ಟೈರು ಬಿಚ್ಚುವ ಎರಡು ಲಿವರು.
ಸೀಳಿಗೆ ಲಿವರಿಟ್ಟು ಕಲ್ಲಿನಿಂದ ಕುಟ್ಟಿದೆವು.
ಅಲ್ಲಿ ಕಲ್ಲಿಗೇನು ಬರ,
ಅಂಗೈಯಗಲದ್ದೂ ಕಬ್ಬಿಣದ ತೂಕ.
ಮರ ಒಂದೆಳೆ ಬಾಯಿ ಬಿಟ್ಟಿತು.
ಒಂದೇ ಎಳೆ. ಸಾಕಾಯಿತು.

ಎರಡನೆಯ ಕೊಯ್ತ ಮುಂದಿನ ಭಾನುವಾರ.
ನಡುವಿನ ತುಂಡು ಕೊನೆಗೆ ತಾನಾಗಿ ಕಳಚಿ
ಗಾದಿಲಿಂಗನ ಪಾದದ ಪಕ್ಕ
ಅರ್ಧ ಸುತ್ತು ಉರುಳಿ ನಿಂತಿತು.
ಅದರ ನೆರಳಲ್ಲಿ ಸಂಸಾರ ಹೂಡಿದ್ದ ಚೇಳು
ಕೊಂಡಿ ಎತ್ತಿತು, ಯೋಚಿಸಿತು, ಇಳಿಸಿತು,
ಉಳಿದ ದಿಮ್ಮಿಯ ಕೆಳಗೆ ಹೊರಟುಹೋಯಿತು.
ನಾನು ಸುತ್ತು ಎಣಿಸಲು ಕೂತೆ.
ಹದಿನೇಳಕ್ಕೆ ಬಂದಾಗ
ಗರಗಸದ ಗೀರು ಯಾವುದು, ವರ್ಷ ಯಾವುದು
ತಿಳಿಯದೆ ಎದ್ದೆ.

ಮಾಬುಸಾಬ ಬಟ್ಟೆ ಬಿಚ್ಚಿ ಗರಗಸ ಮೂಸಿದ.
"ದಿಂಡಿಗ," ಅಂದ. ನಾವು ಹೇಳಿರಲಿಲ್ಲ.
ಹಲ್ಲುಗಳ ಮೇಲೆ ಬೆರಳಾಡಿಸಿದ,
ಬೆರಳು ಒಂದು ಕಡೆ ನಿಂತಿತು.
"ಒಂದು ಹಲ್ಲು ಅಲ್ಲೇ ಬಿಟ್ಟು ಬಂದೀರಿ."
ಬೈಯಲಿಲ್ಲ. ಅರ ತೆಗೆದುಕೊಂಡು
ಉಳಿದವನ್ನು ಮಸೆಯತೊಡಗಿದ.

ನಿನ್ನೆ ಹೊತ್ತು ಮೂಡುವಾಗ
ಮೇಲಿನ ತಿರುವಿನಲ್ಲಿ ದಮ್ಮು ತಗೊಳ್ಳುತ್ತಿದ್ದೆ.
ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು
ಇಳಿಜಾರಿನಲ್ಲಿ ಯಾರೋ ಹುಡುಗ ಬಂದ,
ತಾಂಡಾದವನಿರಬೇಕು, ಬಾಯಲ್ಲಿ ಬೇವಿನ ಕಡ್ಡಿ.
ಎಡಕ್ಕೊಂದು ದಿಮ್ಮಿಯ ಮುಖ, ಬಲಕ್ಕೊಂದು,
ಎರಡರಲ್ಲೊಂದರೊಳಗೆ ನಮ್ಮ ಹಲ್ಲು.

ಅವನು ಬ್ರೇಕ್ ಹಿಡಿಯಲಿಲ್ಲ.
ಕ್ಯಾನಿನ ಮುಚ್ಚಳ ಮಾತ್ರ
ಹಳೇ ಬೇರಿನ ಮೇಲೆ ಹಾಯುವಾಗ
ಒಮ್ಮೆ ಠಣ್ ಅಂದಿತು.