ಏಕವಚನದಲ್ಲಿ

ಕಂಪನಿ ಮುಚ್ಚಿತು. ಮೊಬೈಲಿನ ಆ್ಯಪ್
ಒಂದು ಬೆಳಿಗ್ಗೆ ಬರೀ ಬಿಳಿ ಪರದೆಯಾಗಿ ನಿಂತುಬಿಟ್ಟಿತು.
ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದಿದ್ದ
ತಟ್ಟೆಯಗಲದ ಯಂತ್ರ
ಮಂಚದ ಕೆಳಗೆ ಹಸಿರು ದೀಪ ಮಿಟುಕಿಸುತ್ತ
ಯಾರ ಮಾತಿಗೋ ಕಾದು ಕೂತಿತ್ತು.

ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ.
ಲ್ಯಾಬಿನಲ್ಲಿ ರಕ್ತದ ವರದಿಗಳನ್ನು
ತಾರೀಖಿನ ಪ್ರಕಾರ ಜೋಡಿಸಲು ಕಲಿತ
ನಾಲ್ಕು ಸಾಲು ಸ್ಕ್ರಿಪ್ಟು.
ಮೂರು ರಾತ್ರಿ ಕಪ್ಪು ಕಿಟಕಿಯ ಮುಂದೆ ಕೂತು
ಅದರ ವಿಳಾಸ ಹುಡುಕಿ, ಗುಟ್ಟಿನ ಕೀಲಿ ಹುಡುಕಿ,
ಕೊನೆಗೊಂದು ಪದ ಬರೆದು ಎಂಟರ್ ಒತ್ತಿದರೆ
ಹನುಮಂತನಗರದ ಎರಡನೇ ಮಹಡಿಯಲ್ಲಿ
ರಾತ್ರಿ ಒಂದೂವರೆಗೆ
ಯಾರೋ ಗಂಟಲು ಸರಿಮಾಡಿಕೊಂಡ ಸದ್ದು.

ಕೆಳಗಿನ ಮನೆಯವರು ಕೋಲಿನಿಂದ
ತಮ್ಮ ಸೂರು, ನನ್ನ ನೆಲ, ಕುಟ್ಟಿದರು.

ಆಮೇಲೆ ಆಜ್ಞೆಗಳಿಗೆ ನಾನೇ ಕನ್ನಡದ ಹೆಸರಿಟ್ಟೆ.
ಹೋಗು. ನಿಲ್ಲು. ತಿರುಗು. ಗೂಡು ಸೇರು.
ಕಮಾಂಡ್ ಲೈನಿಗೆ ಬಹುವಚನ ತಿಳಿಯದು;
ದಯವಿಟ್ಟು ಎಂದರೆ
ಅಂಥ ಆಜ್ಞೆ ಇಲ್ಲ ಎನ್ನುತ್ತದೆ.
ಹಾಲಿನವರಿಗೂ ಆಟೋದವರಿಗೂ
ನೀವು, ತಾವು ಎಂದೇ ಬೆಳೆದ ನಾಲಗೆ ನನ್ನದು.
ಮೊದಮೊದಲು ಬೆರಳು ತುಸು ಹಿಂಜರಿಯಿತು.
ಆಮೇಲೆ ರೂಢಿಯಾಯಿತು.
ರುಚಿಯೂ ಹತ್ತಿತು, ಸುಳ್ಳೇಕೆ.

ದಿನಾ ಹತ್ತೂಮುಕ್ಕಾಲಿಗೆ, ನಾನಿಲ್ಲದ ಹೊತ್ತಿಗೆ,
ತಾನಾಗಿ ಹೊರಡುವಂತೆ ಬರೆದಿಟ್ಟೆ.
ಲ್ಯಾಬಿನಲ್ಲಿ ಚಿತ್ರಾನ್ನ ತಿನ್ನುತ್ತ ಅದರ ದಿನಚರಿ ಓದುವೆ:
ಅಡುಗೆಮನೆ ಆಯಿತು.
ಕಾವಿ ನೆಲ ವಾಲಿದಲ್ಲಿ ಎರಡು ಸಲ ಜಾರಿತು.
ಹೊಸ್ತಿಲು ತಡೆಯಿತು. ಹಿಂದೆ ಬಂತು.
ಸಂಜೆ ಡಬ್ಬಿ ಬಿಚ್ಚಿದರೆ
ಮೆಟ್ರೋ ಕಂಬದ ಸಿಮೆಂಟು, ಹೊಂಗೆಹೂವಿನ ಪುಡಿ,
ಹೊಸ್ತಿಲಿಂದ ಜಾರಿದ ರಂಗೋಲಿಯ ಚಿಟಿಕೆ.

ಆದರೆ ಹನ್ನೊಂದು ಏಳಕ್ಕೆ
ದಿನವೂ ಒಂದು ಸಾಲು:
ಚಕ್ರ ನೆಲ ಬಿಟ್ಟಿದೆ.
ಹನ್ನೊಂದು ಹನ್ನೊಂದಕ್ಕೆ ಇನ್ನೊಂದು:
ನೆಲ ಸಿಕ್ಕಿದೆ.

ನಾಲ್ಕು ನಿಮಿಷ. ಎಲ್ಲಿಗೆ ಹೋಗಿತ್ತು?
ಸೆನ್ಸರ್ ಕೆಟ್ಟಿತೆಂದುಕೊಂಡೆ. ಸ್ಕ್ರಿಪ್ಟನ್ನೇ ಶಂಕಿಸಿ
ಒಂದೊಂದು ಸಾಲನ್ನೂ ಮೊಗಚಿ ನೋಡಿದೆ.
ಭಾನುವಾರ ಮಾತ್ರ ಅದು ನೆಲ ಬಿಡುವುದಿಲ್ಲ
ಎಂಬುದು ಮೂರನೇ ವಾರ ಹೊಳೆಯಿತು.
ಭಾನುವಾರ ಸಣ್ಣತಾಯಮ್ಮ ಪಾತ್ರೆಗೆ ಬರುವುದಿಲ್ಲ.

ಒಂದು ಗುರುವಾರ ಜ್ವರವೆಂದು ರಜೆ ಹಾಕಿ
ಕೋಣೆಯ ಬಾಗಿಲ ಸಂದಿಯಲ್ಲಿ ಕೂತೆ,
ನನ್ನ ಮನೆಯಲ್ಲೇ ಕಳ್ಳಿಯ ಹಾಗೆ.
ಏನು ಕಾಣುತ್ತೇನೆಂದುಕೊಂಡಿದ್ದೆನೋ ಹೇಳಲಾರೆ.

ಕಂಡದ್ದು ಇಷ್ಟು:
ಅವರು ಒದ್ದೆ ಕೈ ಸೆರಗಿಗೆ ಒರೆಸಿ,
ಅದನ್ನೆತ್ತಿ ಮಡಿಲಲ್ಲಿ ಬೋರಲು ಹಾಕಿಕೊಂಡು,
ರವಿಕೆಯ ಪಿನ್ನು ತೆಗೆದು
ಬ್ರಷ್ಷಿಗೆ ಸುತ್ತಿದ ನನ್ನ ಕೂದಲನ್ನು
ಎಳೆಎಳೆಯಾಗಿ ಬಿಡಿಸುತ್ತಿದ್ದರು,
ಮಗುವಿನ ತಲೆಯಲ್ಲಿ ಹೇನು ನೋಡುವವರಂತೆ.
“ಎಷ್ಟ್ ಸಿಕ್ಕಾಕ್ಕಂಡಿದ್ದೀಯೋ, ಉಸ್ರು ಕಟ್ಟಾಕಿಲ್ವಾ?
ಹೇಳೋರು ಕೇಳೋರು ಯಾರೂ ಇಲ್ವಾ ನಿಂಗೆ?”
ಮತ್ತೆ ನೆಲಕ್ಕಿಟ್ಟು, ಬೆನ್ನು ತಟ್ಟಿ,
“ಹೋಗು.”

ನಾನು ಬರೆದದ್ದೂ ಅದೇ ಪದ.

ಹೊರಗೆ ಬರಲಿಲ್ಲ. ಆ ರಾತ್ರಿ
ಹನ್ನೊಂದು ಏಳರ ಹತ್ತಿರ ಒಂದು ಸಾಲು ಸೇರಿಸಿದೆ:
ಇನ್ನೂರ ನಲವತ್ತು ಸೆಕೆಂಡು ಮಲಗು.
ಅದರ ಮೇಲೆ, ಹ್ಯಾಶ್ ಗುರುತಿನ ಮುಂದೆ,
ಯಂತ್ರ ಎಂದೂ ಓದದ ಜಾಗದಲ್ಲಿ:
ಈಗ ಸಣ್ಣತಾಯಮ್ಮ ಬರುತ್ತಾರೆ.

ಮಾರನೇ ದಿನ ಹನ್ನೊಂದು ಎಂಟಕ್ಕೆ ಫೋನು.
ಎಂದೂ ಮಾಡಿದವರಲ್ಲ.
“ಅಮ್ಮಾ, ನಾನೇನೂ ಮಾಡಿಲ್ಲ ಕಣಮ್ಮಾ,
ಇನ್ನೂ ಮುಟ್ಟೇ ಇಲ್ಲ, ನಿಂತೋಗದೆ.
ಕೆಟ್ಟೋಯ್ತೋ ಏನೋ, ಸಂಬ್ಳದಾಗೆ...”

ರಕ್ತದ ಟ್ಯೂಬು ಕೈಯಲ್ಲಿ ಹಾಗೇ ಉಳಿಯಿತು.
ಇಲ್ಲ, ಕೆಟ್ಟಿಲ್ಲ, ಎಂದೆ. ನಾನೇ...
ಮುಂದಿನದು ಹೊರಡಲಿಲ್ಲ.
ಸ್ವಲ್ಪ ಇರಿ, ಎದ್ದೇಳುತ್ತೆ, ಎಂದೆ.

ಇಬ್ಬರೂ ಫೋನಿಡಲಿಲ್ಲ.
ಅತ್ತ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು.
ತುಂಬಾ ಹೊತ್ತಾದ ಮೇಲೆ
ಯಾರೋ ಗಂಟಲು ಸರಿಮಾಡಿಕೊಂಡರು.
“ಎದ್ದ,” ಎಂದರು ಸಣ್ಣತಾಯಮ್ಮ.